ಹೆಡ್‌ಮಾಸ್ಟರರ ಕೊಲೆಸ್ಟ್ರಾಲ್

ನಾನು ಮೂರ್ನಾಡಿನಲ್ಲಿ ಮೇಷ್ಟ್ರು. ನಮ್ಮ ಪಕ್ಕದ ಮನೆಯವರು ನಿವೃತ್ತ ಹೆಡ್‌ಮಾಸ್ಟರು. ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ಬೇಲಿಯಾಚೆ ಏನಾದರೊಂದು ಪ್ರಸಂಗ ನಡೆಯುತ್ತಲೇ ಇರುತ್ತದೆ. ಕೊಲೆಸ್ಟ್ರಾಲ್ ಇಳಿಯದಿದ್ದರೆ ಮತ್ತೊಮ್ಮೆ ಹೃದಯಾಘಾತ ಆಗಬಹುದೆಂದು ಡಾಕ್ಟರು ಎಚ್ಚರಿಸಿದ್ದಾರೆ. ಅವರೊಬ್ಬರನ್ನು ಬಿಟ್ಟು ಕೇರಿಯವರೆಲ್ಲ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದೇವೆ.

ಪಥ್ಯ

ಒಂದು ದಿನ ಹೆಡ್‌ಮಾಸ್ಟರು ನನ್ನನ್ನು ಊಟಕ್ಕೆ ಕರೆದಿದ್ದರು.

"ಇದೆಲ್ಲ ಹಂದಿಮಾಂಸ ತಿನ್ನೋರ ಕಾಯಿಲೆ ಮೇಷ್ಟ್ರೇ. ನಮ್ಮ ಮನೆತನದಲ್ಲಿ ಮೊಟ್ಟೆ ಕೂಡ ಒಡೆದವರಿಲ್ಲ," ಎನ್ನುತ್ತಾ ಹೋಳಿಗೆಗೆ ಮೂರನೆಯ ಚಮಚ ತುಪ್ಪ ಸುರಿದುಕೊಂಡರು.

"ಸಾರ್, ತುಪ್ಪ?" ಎಂದೆ.

"ಇದು ಮನೇದು. ಅಂಗಡಿ ತುಪ್ಪ ನಾನು ಮುಟ್ಟೋದಿಲ್ಲ. ಡಾಕ್ಟರು ಪಥ್ಯ ಅಂದಿದ್ದಾರಲ್ಲ!"

ಗುಣವಾದವರು

ಮೂರು ತಿಂಗಳಿಗೆ ರಿಪೋರ್ಟು ಚೆನ್ನಾಗಿ ಬಂತು. ಮರುದಿನವೇ ಮಾತ್ರೆ ನಿಲ್ಲಿಸಿದರು. ಅವರ ಹೆಂಡತಿ ಬೇಲಿಯ ಬಳಿ ಬಂದು ನನ್ನನ್ನು ಕರೆದರು.

"ಇಳಿದ ಮೇಲೂ ಯಾಕ್ರೀ ನುಂಗಬೇಕು?" ಎಂದರು ಹೆಡ್‌ಮಾಸ್ಟರು.

"ನುಂಗಿದ್ದರಿಂದಲೇ ಇಳಿದಿದೆ ಸಾರ್."

ನನ್ನ ಹೆಂಡತಿಯೂ ರಿಪೋರ್ಟು ಚೆನ್ನಾಗಿದೆಯೆಂದೇ ಮಾತ್ರೆ ಬಿಟ್ಟಿದ್ದಳು. ಅವಳು ಹೋಗಿ ಒಂದು ವರ್ಷ ನಾಲ್ಕು ತಿಂಗಳಾಯಿತು. ಅದನ್ನು ಅವರಿಗೆ ನೆನಪಿಸಲಿಲ್ಲ. ಮಾತ್ರೆ, ನೀರು ಮುಂದಿಟ್ಟು ಎದುರಿಗೆ ಕೂತೆ. ಮುಕ್ಕಾಲು ಗಂಟೆ ಕಳೆಯಿತು.

"ನಿಮಗೆ ಮನೇಲಿ ಕೆಲಸ ಇಲ್ವೇನ್ರೀ?"

"ಇಲ್ಲ," ಎಂದೆ.

ನುಂಗಿದರು.

ಬದಲಿ ರಕ್ತ

ಮುಂದಿನ ರಕ್ತಪರೀಕ್ಷೆಗೆ ಮೊದಲು ಹತ್ತು ದಿನ ನಾನು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿದ್ದೆ. ಅಷ್ಟರಲ್ಲಿ ಅವರಿಗೆ ಮಾತ್ರೆ ತಪ್ಪಿತ್ತು, ಮೂರು ಮದುವೆಯೂಟ ತಪ್ಪಿರಲಿಲ್ಲ. ವಿರಾಜಪೇಟೆಯ ಡಾಕ್ಟರು ಅವರ ಹಳೆಯ ವಿದ್ಯಾರ್ಥಿ. ಅವನ ಮುಂದೆ ಫೇಲಾಗುವುದು ಹೇಗೆ? ಅವರ ತಮ್ಮ ನೆಲ್ಯಹುದಿಕೇರಿ ಕಡೆ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ನೋಡುವ ರೈಟರು. ದಿನವಿಡೀ ತೋಟ ಸುತ್ತುವ ಕಡ್ಡಿಯಂಥ ಆಸಾಮಿ. ಅಣ್ಣನ ಹೆಸರು ಹೇಳಿ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದದ್ದು ಆ ತಮ್ಮ.

ರಿಪೋರ್ಟು ತೋರಿಸಲು ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ಅದನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು.

"ಏನ್ ಸಾರ್ ಇದು, ಎರಡರಷ್ಟಾಗಿದೆ! ಇನ್ನು ಮಾತ್ರೆ ಸಾಲದು. ಇಂಜೆಕ್ಷನ್ನೇ ಶುರು ಮಾಡೋಣ."

ಇಂಜೆಕ್ಷನ್ ಎಂದೊಡನೆ ಹೆಡ್‌ಮಾಸ್ಟರು ಬೆವರಿದರು. "ಅದು ನನ್ನ ರಕ್ತ ಅಲ್ಲ ಕಣಯ್ಯ... ನನ್ನ ತಮ್ಮಂದು."

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಮತ್ತೆ ಕೂತು ಅಣ್ಣನಿಗೊಂದು, ತಮ್ಮನಿಗೊಂದು ಹೊಸ ಚೀಟಿ ಬರೆದು, ಎರಡನ್ನೂ ಗುರುಗಳ ಕೈಗೆ ಕೊಟ್ಟರು.

"ಸಾರ್, ನಕಲು ಮಾಡೋದೇ ಆದ್ರೆ ಚೆನ್ನಾಗಿ ಓದೋನ ಪಕ್ಕ ಕೂತ್ಕೋಬೇಕಿತ್ತು."