ಅರ್ಧ ಗಂಟೆಯಲ್ಲಿ ನೂರಕ್ಕೆ ನೂರು

ನಮ್ಮ ಮನೆಯಲ್ಲಿ ಇನ್ನು ಮುಂದೆ ಯಾರೂ ಅಜ್ಞಾನದಿಂದ ಫೋನು ಚಾರ್ಜ್ ಮಾಡತಕ್ಕದ್ದಲ್ಲ ಎಂದು ಒಂದು ಭಾನುವಾರ ತಿಂಡಿ ತಿನ್ನುತ್ತಾ ನಾನು ಘೋಷಿಸಿದೆ. ಹಾಗೆ ಘೋಷಿಸುವ ಅಧಿಕಾರ ನನಗೆ ಅಂದು ಬೆಳಿಗ್ಗೆಯಷ್ಟೇ ಬಂದಿತ್ತು. ನಾನು ಕೆಲಸ ಮಾಡುವ ಪತ್ರಿಕೆಯ ಪುರವಣಿಯಲ್ಲಿ ‘ಫಾಸ್ಟ್ ಚಾರ್ಜಿಂಗ್: ಒಳಗುಟ್ಟು ಮತ್ತು ಎಚ್ಚರಿಕೆ’ ಎಂಬ ನನ್ನ ಲೇಖನ ಮುಕ್ಕಾಲು ಪುಟ ಬಂದಿತ್ತು. ಇಬ್ಬರು ಎಂಜಿನಿಯರುಗಳನ್ನು ಮಾತಾಡಿಸಿ, ಒಂದು ಬ್ಯಾಟರಿ ಪ್ರಯೋಗಾಲಯ ಸುತ್ತಿ, ನಾಲ್ಕು ಸಲ ತಿದ್ದಿ ಬರೆದ ಲೇಖನ. ಅದರಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ. ಮುಂದೆ ನನ್ನ ಪರವಾಗಿ ಹೇಳಲು ಬೇರೇನೂ ಇರುವುದಿಲ್ಲ.

ಲೇಖನ ಓದಿದ ಅತ್ತೆ, ಅಂದರೆ ನಮ್ಮ ಜೊತೆಗೇ ಇರುವ ಹೆಂಡತಿಯ ತಾಯಿ, ಕನ್ನಡಕ ತೆಗೆದು ಹೇಳಿದರು: “ಅಳಿಯಂದಿರು ಚೆನ್ನಾಗಿ ಬರೆದಿದ್ದಾರೆ. ನನ್ನ ಫೋನಿಗೆ ಇದೆಲ್ಲ ಬೇಕಾ?”

ಅವರದು ಗುಂಡಿ ಒತ್ತುವ ಫೋನು. ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕು. ವಿಜ್ಞಾನ ಅದರ ಹತ್ತಿರ ಸುಳಿಯುವುದಿಲ್ಲ.

ನಾನು ಕಾನೂನುಗಳನ್ನು ಓದಿ ಹೇಳಿದೆ. ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡಬಾರದು. ಸಿಪ್ಪೆ ಸುಲಿದ ಕೇಬಲ್ ಮುಟ್ಟಬಾರದು. ಗಟ್ಟಿಯಾದ, ಸಮತಟ್ಟಾದ ಜಾಗದಲ್ಲೇ ಇಡಬೇಕು. ಬ್ಯಾಟರಿ ಇಪ್ಪತ್ತರಿಂದ ಎಂಬತ್ತರ ನಡುವೆ ಇದ್ದರೆ ಅದರ ಆಯುಸ್ಸು ಹೆಚ್ಚು. ಆದ್ದರಿಂದ ಇಪ್ಪತ್ತಕ್ಕೆ ಇಳಿಯುವ ತನಕ ಯಾರೂ ಪ್ಲಗ್ಗಿಗೆ ಕೈಹಾಕುವಂತಿಲ್ಲ. ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗುವ ಪದ್ಧತಿ ಇಂದಿಗೆ ರದ್ದು.

“ಇಪ್ಪತ್ತಕ್ಕೆ ಇಳಿಯೋ ತನಕ ಕಾಯ್ಬೇಕು ಅಂತ ಲೇಖನದಲ್ಲಿ ಎಲ್ಲಿದೆ?” ಎಂದಳು ಹೆಂಡತಿ.

“ಅದು ಲೇಖನದ ಆಶಯ.”

ಆಮೇಲೆ ಮನೆಯಲ್ಲಿದ್ದ ಎಲ್ಲ ಚಾರ್ಜರುಗಳನ್ನೂ ಒಟ್ಟುಗೂಡಿಸಿದೆ. ಇಪ್ಪತ್ತಾರು ವರ್ಷ ಪತ್ರಿಕೆಯಲ್ಲಿ ಸುದ್ದಿಯನ್ನು ಸುದ್ದಿಯ ಜೊತೆ, ಜಾಹೀರಾತನ್ನು ಜಾಹೀರಾತಿನ ಜೊತೆ ಇಟ್ಟವನು ನಾನು. ಆ ಅಭ್ಯಾಸದಂತೆ, ಗೋಡೆಗೆ ಚುಚ್ಚುವ ಅಡಾಪ್ಟರುಗಳನ್ನೆಲ್ಲ ಒಂದು ಡಬ್ಬಿಗೆ, ಕೇಬಲ್‌ಗಳನ್ನೆಲ್ಲ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇನ್ನೊಂದು ಡಬ್ಬಿಗೆ ಸೇರಿಸಿದೆ. ನಡುಮನೆಯ ಕಿಟಕಿಯ ಕಲ್ಲುಕಟ್ಟೆಯನ್ನು ಚಾರ್ಜಿಂಗ್ ಕೇಂದ್ರ ಮಾಡಿದೆ. ಗಟ್ಟಿ, ಸಮತಟ್ಟು, ದಿಂಬಿನ ಸುಳಿವೇ ಇಲ್ಲ.

ಜೋಡಿಗಳನ್ನು ಅಗಲಿಸಿದವನಿಗೆ ಒಳ್ಳೆಯದಾಗುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅವರು ಕೇಬಲ್‌ಗಳ ಬಗ್ಗೆಯೂ ಹೇಳಿದ್ದಿರಬಹುದು.

ಈಗ ಹೆಂಡತಿಯ ವಿಷಯ. ಅವಳು ನರ್ಸ್. ಹತ್ತೊಂಬತ್ತು ವರ್ಷಗಳಿಂದ, ತಿಂಗಳಲ್ಲಿ ಹತ್ತು ದಿನ ನೈಟ್ ಡ್ಯೂಟಿ ಮಾಡಿದವಳು. ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಕೆಲಸ ಖಾಲಿ ಇತ್ತು. ಆ ಕೆಲಸ ಸಿಕ್ಕಿದರೆ ನೈಟ್ ಡ್ಯೂಟಿ ಇಲ್ಲ. ಎಲ್ಲರಂತೆ ರಾತ್ರಿ ಮಲಗಿ ಬೆಳಿಗ್ಗೆ ಏಳಬಹುದು. ಅವಳಿಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ಬುಧವಾರ ಹನ್ನೊಂದು ಗಂಟೆಗೆ ವಿಡಿಯೊ ಕರೆಯಲ್ಲಿ ಸಂದರ್ಶನ. ಲಿಂಕ್ ತೆರೆಯುವುದು ಅರ್ಜಿಯಲ್ಲಿ ಕೊಟ್ಟ ನಂಬರಿನ ಫೋನಿನಲ್ಲಿ ಮಾತ್ರ, ಅಂದರೆ ಅವಳ ಫೋನಿನಲ್ಲಿ ಮಾತ್ರ.

ಬುಧವಾರ ಒಂಬತ್ತೂವರೆಗೆ ಅವಳ ಫೋನಿನಲ್ಲಿ ಒಂಬತ್ತು ಪರ್ಸೆಂಟ್ ಇತ್ತು.

“ರೀ, ರಾತ್ರಿ ಇಪ್ಪತ್ತೈದು ಇತ್ತು. ಹಾಕ್ತೀನಿ ಅಂದ್ರೆ ಬೇಡ ಅಂದ್ರಿ.”

“ಅರ್ಧ ಗಂಟೆ ಕೊಡು. ನೂರಕ್ಕೆ ನೂರು ಮಾಡಿ ಕೈಗಿಡ್ತೀನಿ. ನೀನು ಹೋಗಿ ಬಟ್ಟೆ ಇಸ್ತ್ರಿ ಮಾಡ್ಕೋ.”

ಅವಳು ನನ್ನನ್ನೊಮ್ಮೆ, ಫೋನನ್ನೊಮ್ಮೆ ನೋಡಿ ಒಳಗೆ ಹೋದಳು.

ನಾನು ಒಂದು ಡಬ್ಬಿಯಿಂದ ದೊಡ್ಡ ಅಡಾಪ್ಟರನ್ನೂ ಇನ್ನೊಂದರಿಂದ ಅಚ್ಚುಕಟ್ಟಾಗಿದ್ದ ಕೇಬಲನ್ನೂ ತೆಗೆದು, ಕಿಟಕಿಕಟ್ಟೆಯಲ್ಲಿ ಫೋನನ್ನು ಪ್ರತಿಷ್ಠಾಪಿಸಿ, ಅತ್ತೆಗೆ ವಿವರಿಸಲು ಕುಳಿತೆ. ಚಾರ್ಜರು ಸುಮ್ಮನೆ ಕರೆಂಟು ಸುರಿಯುವುದಿಲ್ಲ. ಮೊದಲು ಫೋನೂ ಅದೂ ಮಾತಾಡಿಕೊಳ್ಳುತ್ತವೆ. ‘ನಾನು ಇಷ್ಟು ಕೊಡಬಲ್ಲೆ’ ಎನ್ನುತ್ತದೆ ಚಾರ್ಜರು. ‘ನಾನು ಇಷ್ಟು ತಡೆಯಬಲ್ಲೆ’ ಎನ್ನುತ್ತದೆ ಫೋನು. ಒಪ್ಪಂದವಾದರೆ ಮಾತ್ರ ವೇಗ. ಅದೂ ಮೊದಲರ್ಧಕ್ಕೆ. ಖಾಲಿ ಬಸ್ಸಿಗೆ ಜನ ನುಗ್ಗಿದ ಹಾಗೆ ಆರಂಭದಲ್ಲಿ ಸರಸರ; ಸೀಟು ತುಂಬಿದ ಹಾಗೆಲ್ಲ ನಿಧಾನ.

“ಹಾಗಾದ್ರೆ ಅರ್ಧ ಗಂಟೇಲಿ ನೂರು ಆಗಲ್ಲ ಅಲ್ವಾ?” ಎಂದರು ಅತ್ತೆ.

ಈ ಪ್ರಶ್ನೆಯನ್ನು ಆ ಇಬ್ಬರು ಎಂಜಿನಿಯರುಗಳಿಗೆ ನಾನೇ ಕೇಳಿರಲಿಲ್ಲ. ನಾನು ಫೋನು ನೋಡಲು ಎದ್ದೆ. ಹತ್ತೂ ಐದು. ಬ್ಯಾಟರಿ ಹದಿನೈದು.

ಆ ಅಚ್ಚುಕಟ್ಟಾದ ಕೇಬಲ್ ನನ್ನ ಗಡ್ಡ ಟ್ರಿಮ್ ಮಾಡುವ ಯಂತ್ರದ್ದು. ಒಪ್ಪಂದಕ್ಕೆ ಕೇಬಲ್ಲಿನ ಸಹಿಯೂ ಬೇಕು. ಸಣ್ಣ ಕೇಬಲ್ ಸಿಕ್ಕಿದರೆ ಎರಡೂ ಕಡೆಯವರು ನಿಧಾನಗತಿಗೆ ರಾಜಿಯಾಗುತ್ತಾರೆ. ಇದು ನನ್ನ ಲೇಖನದ ಮೂರನೆಯ ಪ್ಯಾರಾ. ಡಬ್ಬಿಯಲ್ಲಿ ಹನ್ನೊಂದು ಕೇಬಲ್‌ಗಳಿದ್ದವು, ಎಲ್ಲವೂ ಬಿಳಿ, ಎಲ್ಲಕ್ಕೂ ಅದೇ ರಬ್ಬರ್ ಬ್ಯಾಂಡ್. ಒಂದೊಂದನ್ನೇ ಚುಚ್ಚಿ ನೋಡುತ್ತಾ ಹೋದೆ. ಆರನೆಯದಕ್ಕೆ ಪರದೆಯ ಮೇಲೆ ಮಿಂಚಿನ ಗುರುತು ಬಂತು. ಗೆದ್ದೆ ಎಂದುಕೊಂಡೆ. ನಿಜಕ್ಕೂ ಅಂಕಿಗಳು ಕಣ್ಣೆದುರೇ ಏರಿದವು: ಹದಿನೆಂಟು, ಇಪ್ಪತ್ತು, ಇಪ್ಪತ್ತಮೂರು.

ಅಲ್ಲಿಗೆ ನಿಂತಿತು. ‘ಫೋನು ತುಂಬಾ ಬಿಸಿಯಾಗಿದೆ. ಚಾರ್ಜಿಂಗ್ ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ.’

ನಮ್ಮ ಚಾರ್ಜಿಂಗ್ ಕೇಂದ್ರ ಗಟ್ಟಿಯಾಗಿತ್ತು, ಸಮತಟ್ಟಾಗಿತ್ತು, ಪೂರ್ವಕ್ಕೆ ಮುಖ ಮಾಡಿತ್ತು. ಬೆಳಗಿನ ಬಿಸಿಲಿಗೆ ಕಲ್ಲು ಕಾವಲಿಯಂತೆ ಕಾದಿತ್ತು. ಸಾಲದ್ದಕ್ಕೆ ಫೋನಿಗೆ ಹೊದಿಸಿದ ದಪ್ಪ ಕವರನ್ನು ನಾನು ತೆಗೆದಿರಲಿಲ್ಲ. ಚಾರ್ಜ್ ಆಗುವಾಗ ಫೋನು ತಾನೇ ಬಿಸಿಯಾಗುತ್ತದೆ. ಆ ಬಿಸಿ ಹೊರಹೋಗಲು ದಾರಿ ಬೇಕು. ಐದನೆಯ ಪ್ಯಾರಾ.

ಕವರು ತೆಗೆದು, ಫ್ಯಾನಿನ ಕೆಳಗೆ ಹತ್ತು ನಿಮಿಷ ಇಟ್ಟಿದ್ದರೆ ಸಾಕಿತ್ತು. ಆದರೆ ಗಡಿಯಾರ ಹತ್ತೂ ಇಪ್ಪತ್ತೈದು ತೋರಿಸುತ್ತಿತ್ತು. ನನಗೆ ಬೇಕಾಗಿದ್ದದ್ದು ಫಾಸ್ಟ್ ಕೂಲಿಂಗ್. ಫೋನನ್ನು ಫ್ರಿಜ್ಜಿನಲ್ಲಿ ಇಡಬಾರದು ಎಂದು ಲೇಖನದಲ್ಲಿ ಒಂದು ಸಾಲು ಸೇರಿಸಿ ಎಂದು ನಮ್ಮ ಉಪಸಂಪಾದಕಿ ಕೇಳಿದ್ದಳು. ನಾನೇ ಬೇಡವೆಂದಿದ್ದೆ. ಅಷ್ಟು ದಡ್ಡರು ನಮ್ಮ ಪತ್ರಿಕೆ ಓದುವುದಿಲ್ಲ ಎಂದಿದ್ದೆ. ಅಂಥ ದಡ್ಡರು ಅದರಲ್ಲಿ ಬರೆಯಬಹುದು ಎಂಬುದು ಹೊಳೆದಿರಲಿಲ್ಲ.

ಹಾಲಿನ ಪಾತ್ರೆಗೂ ಸೌತೆಕಾಯಿಗೂ ನಡುವೆ ಎಂಟು ನಿಮಿಷ ಇಟ್ಟೆ. ತೆಗೆದಾಗ ಫೋನು ತಣ್ಣಗಿತ್ತು. ಮೈಮೇಲೆ ಸಣ್ಣ ಸಣ್ಣ ಹನಿಗಳು ಮೂಡತೊಡಗಿದವು. ಕೇಬಲ್ ಚುಚ್ಚಿದೆ. ‘ಚಾರ್ಜಿಂಗ್ ಪೋರ್ಟಿನಲ್ಲಿ ತೇವಾಂಶ ಪತ್ತೆಯಾಗಿದೆ. ಕೇಬಲ್ ತೆಗೆಯಿರಿ.’

ಪೋರ್ಟಿಗೆ ಬಾಯಿಟ್ಟು ಊದಿದೆ. ಉಸಿರಿನಲ್ಲಿ ನೀರಾವಿ ಇರುತ್ತದೆ ಎಂಬುದನ್ನು ಪ್ರಾಥಮಿಕ ಶಾಲೆಯಲ್ಲಿ ಕನ್ನಡಿಯ ಮೇಲೆ ಊದಿ ಕಲಿತವನು ನಾನು. ನಂತರ ಹೆಂಡತಿಯ ಹೇರ್ ಡ್ರೈಯರ್ ತಂದು ಬಿಸಿಗಾಳಿ ಬಿಟ್ಟೆ. ಎರಡು ನಿಮಿಷಕ್ಕೆ ಪರದೆಯ ಮೇಲೆ ಎರಡೂ ಎಚ್ಚರಿಕೆಗಳು ಒಂದರ ಕೆಳಗೊಂದು ಬಂದು ನಿಂತವು. ಒಂದೇ ಮೈಯಲ್ಲಿ ಜ್ವರವೂ ಶೀತವೂ.

“ಮಗಳನ್ನ ಕರೀಲಾ?” ಎಂದು ಅತ್ತೆ ಮೆಲ್ಲಗೆ ಕೇಳಿದರು.

ಕರೆಯಬೇಕಾಗಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆಯುಟ್ಟು, ತಲೆ ಬಾಚಿ, ಅವಳೇ ಬಂದು ನಿಂತಿದ್ದಳು. ಹತ್ತೂ ನಲವತ್ತೈದು. ನಾನು ಬಿರುಗಾಳಿಗೆ ಸಿದ್ಧನಾದೆ. ಅವಳು ದನಿ ಏರಿಸಲಿಲ್ಲ. ನನ್ನ ಕೈಯಿಂದ ಫೋನು ಬಿಡಿಸಿಕೊಂಡು ಕೇಳಿದಳು.

“ಏನೇನು ಮಾಡಿದ್ರಿ?”

“ಸ್ವಲ್ಪ ತಣ್ಣಗೆ ಮಾಡಿದೆ.”

“ಎಲ್ಲಿ?”

“ಫ್ರಿಜ್ಜಲ್ಲಿ.”

“ಎಷ್ಟು ಹೊತ್ತು?”

“ಎಂಟು ನಿಮಿಷ.”

“ಆಮೇಲೆ?”

“ಊದಿದೆ.”

“ಬಾಯಲ್ಲಾ?”

“ಹೂಂ.”

“ಪರವಾಗಿಲ್ಲ. ಎಲ್ಲಾ ಹೇಳಿಬಿಡಿ, ಮುಚ್ಚಿಡಬೇಡಿ.”

ಹೇರ್ ಡ್ರೈಯರಿನ ಸಂಗತಿಯನ್ನೂ ಹೇಳಿದೆ. ಅವಳು ಫೋನನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ತಲೆಕೆಳಗು ಮಾಡಿ ಅಂಗೈಗೆ ಎರಡು ಸಲ ತಟ್ಟಿದಳು. ಕೇಬಲ್ ದೂರ ಇಟ್ಟಳು. ಪರದೆಯ ಬೆಳಕು ಇಳಿಸಿದಳು, ತೆರೆದಿದ್ದ ಆ್ಯಪುಗಳನ್ನೆಲ್ಲ ಮುಚ್ಚಿದಳು, ಬ್ಯಾಟರಿ ಉಳಿಸುವ ಗುಂಡಿ ಒತ್ತಿದಳು.

“ಇಪ್ಪತ್ತೆರಡಿದೆ. ಅರ್ಧ ಗಂಟೆ ಮಾತಾಡೋಕೆ ಹನ್ನೆರಡು ಸಾಕು. ನೂರು ಯಾರು ಕೇಳಿದ್ರು?”

ನಾನು ಹೇರ್ ಡ್ರೈಯರಿನ ವೈರು ಸುತ್ತತೊಡಗಿದೆ. ಅವಳು ನನ್ನ ಮುಖ ನೋಡಿ, ದನಿ ತಗ್ಗಿಸಿ ಹೇಳಿದಳು: “ನೀವೊಂದು ಕೆಲಸ ಮಾಡಿ. ಮುಂಬಾಗಿಲ ಹತ್ರ ನಿಂತ್ಕೊಳ್ಳಿ. ಯಾರೂ ಬೆಲ್ ಹೊಡೀಬಾರದು, ಯಾರೂ ಒಳಗೆ ಬರಬಾರದು. ಇದು ತುಂಬಾ ಮುಖ್ಯ. ಅಮ್ಮನ ಕೈಲಿ ಆಗಲ್ಲ, ನಿಮ್ಮಿಂದಾನೇ ಆಗಬೇಕು.”

ಎದೆಯ ಭಾರ ಇಳಿಯಿತು. ಇಷ್ಟಾದ ಮೇಲೂ ಅವಳು ನನ್ನ ಮೇಲಿಟ್ಟ ವಿಶ್ವಾಸಕ್ಕೆ ಮನಸ್ಸು ತುಂಬಿ ಬಂತು. ಬಾಗಿಲ ಹೊರಗೆ ಹೋಗಿ, ಕಾಲಿಂಗ್ ಬೆಲ್ಲಿಗೆ ಬೆನ್ನು ಕೊಟ್ಟು ಗಡಿ ಕಾಯುವವನಂತೆ ನಿಂತೆ.

ಆ ಕೆಲಸ ಅವಳಿಗೇ ಸಿಕ್ಕಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದಿನ ತಿಂಗಳಿಂದ ನೈಟ್ ಡ್ಯೂಟಿ ಇಲ್ಲ. ನನಗೆ ಸಿಕ್ಕಿದ್ದೇನು ಎಂಬುದಷ್ಟೇ ಬಾಕಿ.

ಹನ್ನೊಂದೂ ಕಾಲಿಗೆ ಕೊರಿಯರಿನವನು ಬಂದ. ಬೆಲ್ಲಿನತ್ತ ಚಾಚಿದ ಅವನ ಬೆರಳನ್ನು ಗಾಳಿಯಲ್ಲೇ ಹಿಡಿದೆ. ‘ಶ್’ ಎಂದು ಸನ್ನೆ ಮಾಡಿ, ಪಕ್ಕಕ್ಕೆ ನಿಲ್ಲಿಸಿಕೊಂಡು, ಸಹಿ ಹಾಕಲು ಪೆನ್ನು ಹುಡುಕತೊಡಗಿದೆ. ಸಂದರ್ಶನ ನಡೆಯುತ್ತಿದ್ದ ಕೋಣೆಯ ಕಿಟಕಿ ಬಾಗಿಲ ಪಕ್ಕಕ್ಕೇ ತೆರೆದುಕೊಳ್ಳುತ್ತದೆ. ಒಳಗಿನ ಮಾತು ಇಬ್ಬರಿಗೂ ಕೇಳುತ್ತಿತ್ತು.

“ರೋಗಿಯ ಕಡೆಯವರು ಅಲ್ಲಿ ಇಲ್ಲಿ ಓದ್ಕೊಂಡು ಬಂದು ತಾವೇ ಚಿಕಿತ್ಸೆ ಶುರು ಮಾಡ್ಬಿಟ್ರೆ ನೀವು ಹೇಗೆ ನಿಭಾಯಿಸ್ತೀರಿ?” ಎಂದು ಸಂದರ್ಶನ ಮಾಡುತ್ತಿದ್ದ ಹೆಂಗಸು ಕೇಳಿದರು.

“ಮೊದಲು ಅವರ ಕೈಯಿಂದ ರೋಗೀನ ಬಿಡಿಸ್ಕೋತೀನಿ ಮೇಡಂ,” ಎಂದಳು ನನ್ನ ಹೆಂಡತಿ. “ಬೈಯಲ್ಲ. ಬೈದ್ರೆ ಮುಚ್ಚಿಡ್ತಾರೆ. ಏನು ಮಾಡಿದ್ರಿ, ಎಷ್ಟು ಹೊತ್ತು ಮಾಡಿದ್ರಿ ಅಂತ ಸಮಾಧಾನವಾಗಿ ಕೇಳ್ತೀನಿ. ಆಮೇಲೆ ಹೊರಗೆ ಕಳಿಸ್ತೀನಿ.”

“ಹೋಗ್ತಾರಾ?”

“ಬರೀ ಹೋಗಿ ಅಂದ್ರೆ ಹೋಗಲ್ಲ. ಬಾಗಿಲ ಹತ್ರ ನಿಂತ್ಕೊಳ್ಳಿ, ಯಾರನ್ನೂ ಬಿಡಬೇಡಿ, ಇದು ತುಂಬಾ ಮುಖ್ಯ, ನಿಮ್ಮಿಂದಾನೇ ಆಗಬೇಕು ಅಂತೀನಿ.”

“ನಂಬ್ತಾರಾ?”

“ಹತ್ತೊಂಬತ್ತು ವರ್ಷದಲ್ಲಿ ಒಬ್ರೂ ಅನುಮಾನ ಪಟ್ಟಿಲ್ಲ ಮೇಡಂ.”

ಒಳಗೆ ಎಲ್ಲರೂ ನಕ್ಕರು. ಕೊರಿಯರಿನವನು ನಗಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ಕನಿಕರದಿಂದ ನೋಡಿ ಪಿಸುಗುಟ್ಟಿದ:

“ಸಾರ್, ನಿಮ್ಮ ರೋಗಿ ಈಗ ಹೇಗಿದ್ದಾರೆ?”