ಉತ್ತರದ ಹಾಳೆ ನನ್ನ ಕೈಯಲ್ಲಿತ್ತು

ಮೇಷ್ಟ್ರಾದವನಿಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಮೊದಲ ಐದು ವರ್ಷದೊಳಗೆ ಬರಬೇಕು, ಇಲ್ಲದಿದ್ದರೆ ಆಮೇಲೆ ಬರುವುದೇ ಇಲ್ಲ. ನನಗೆ ಬರಲಿಲ್ಲ. ಆಳಂದದ ಜೂನಿಯರ್ ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಸಂಧಿ, ಸಮಾಸ, ಒಂದಿಷ್ಟು ಹಳಗನ್ನಡ, ಇಷ್ಟೇ ನನ್ನ ಬಂಡವಾಳ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ತಡೆದು "ಸರ, ನಮ್ಮ ಎಮ್ಮಿ ಎರಡು ದಿನದಿಂದ ಮೇವು ಮುಟ್ಟವಲ್ದು, ಯಾಕಿರಬಹುದ್ರಿ?" ಎಂದು ಕೇಳಿದರೂ, ಕನ್ನಡಕ ಸರಿಮಾಡಿಕೊಂಡು ಏನಾದರೊಂದು ಹೇಳಿಯೇ ಬಿಡುತ್ತಿದ್ದೆ. ಎಮ್ಮೆ ತಾನಾಗಿ ಮೇಯಲು ಶುರುಮಾಡಿದರೆ ಹೆಸರು ನನಗೆ. ಈ ದುರಭ್ಯಾಸವೇ ನನ್ನನ್ನು ಒಂದು ಬೇಸಿಗೆಯಲ್ಲಿ ಸಿಇಟಿಯೊಳಗೆ ನೂಕಿತು.

ಖಜೂರಿ ರಸ್ತೆಯಲ್ಲಿ ಲಾರಿಗಳಿಗೆ ಪಂಕ್ಚರ್ ತಿದ್ದುವ ಶಿವಶರಣಪ್ಪ ಒಂದು ಬೆಳಿಗ್ಗೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಮಗಳು ನೀಲಮ್ಮ ನಮ್ಮ ಕಾಲೇಜಿನದೇ ಹುಡುಗಿ. ಹತ್ತನೆಯ ತನಕ ಕನ್ನಡದಲ್ಲಿ ಓದಿ, ಆಮೇಲೆ ಧೈರ್ಯ ಮಾಡಿ ವಿಜ್ಞಾನ ಸೇರಿ, ಇಂಗ್ಲಿಷಿನ ದಪ್ಪ ಪುಸ್ತಕಗಳನ್ನು ಒಂದೊಂದೇ ಶಬ್ದವಾಗಿ ಅಗಿದು ನುಂಗಿದವಳು.

"ಸರ, ಇಕಿ ಡಾಕ್ಟರ್ ಆಗ್ತೇನಿ ಅಂತಾಳ್ರಿ. ಸಿಇಟಿಗಿ ಇನ್ನ ಒಂದು ತಿಂಗಳದ. ಸೈನ್ಸ್ ಮಾಸ್ತರು ಎಲ್ಲಾರೂ ಸೂಟಿಗಿ ತಮ್ಮ ಊರಿಗಿ ಹೋಗ್ಯಾರ. ಊರಾಗ ನೀವೊಬ್ರೇ ಉಳದೀರಿ."

"ನಂದು ಕನ್ನಡ ರೀ, ಶಿವಶರಣಪ್ಪ. ಸೈನ್ಸ್ ನನಗೇನು ತಿಳೀತದ?"

"ತಿಳೀಬೇಕಂತಿಲ್ರಿ. ಟ್ಯೂಬಿಗಿ ಗಾಳಿ ತುಂಬಾಂವಗ ಲಾರಿ ಹೊಡೀಲಾಕ ಬರಬೇಕೇನ್ರಿ? ಹಳೀ ಪೇಪರು, ಅದರ ಉತ್ತರದ ಹಾಳಿ ಗುಲ್ಬರ್ಗಾದಾಗ ಸಿಗ್ತಾವಂತ. ಇಕಿ ಬರೀಲಿ, ನೀವು ಹಾಳಿ ನೋಡಿ ತಪ್ಪು, ಬರೋಬರಿ ಹಾಕ್ರಿ. ಅಷ್ಟೇ."

ನ್ಯಾಯವಾದ ಮಾತು ಅನ್ನಿಸಿತು. ನಿಜ ಹೇಳಬೇಕೆಂದರೆ ಆಸೆಯೂ ಆಯಿತು. ನನ್ನ ಜೀವಮಾನವೆಲ್ಲ "ವಿವರಿಸಿ", "ಸ್ವಾರಸ್ಯ ತಿಳಿಸಿ" ಎಂಬ ಪ್ರಶ್ನೆಗಳಿಗೆ ಹುಡುಗರು ಬರೆದ ನಾಲ್ಕು ನಾಲ್ಕು ಪುಟಗಳನ್ನು ಓದಿ ಕಣ್ಣು ಕೆಟ್ಟಿತ್ತು. ಇಲ್ಲಿ ಪ್ರಶ್ನೆಯ ಕೆಳಗೇ ನಾಲ್ಕು ಉತ್ತರ ಅಚ್ಚಾಗಿರುತ್ತವೆ, ಹುಡುಗಿ ಒಂದಕ್ಕೆ ಗುರುತು ಹಾಕಬೇಕು, ನಾನು ಸರಿಯೋ ತಪ್ಪೋ ಅನ್ನಬೇಕು. ಇಂಥ ಸುಖದ ಪರೀಕ್ಷೆ ಇರುವಾಗ ನಾನೇಕೆ ಕನ್ನಡ ಓದಿದೆನೋ! ಮರುದಿನವೇ ಗುಲ್ಬರ್ಗಾಕ್ಕೆ ಹೋಗಿ, ಒಂದು ಝೆರಾಕ್ಸ್ ಅಂಗಡಿಯಿಂದ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನೂ ಉತ್ತರದ ಹಾಳೆಗಳ ಕಟ್ಟನ್ನೂ ತಂದೆ. ಉತ್ತರದ ಹಾಳೆಯಲ್ಲಿ ಇಂತಿಂಥ ಪ್ರಶ್ನೆಗೆ ಇಷ್ಟನೆಯ ಉತ್ತರ ಸರಿ ಎಂಬ ಅಂಕಿಗಳಷ್ಟೇ ಇದ್ದವು. ಆ ಕಟ್ಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಕೊರಳಿನ ಲಿಂಗದ ದಾರದ ಪಕ್ಕದಲ್ಲೇ, ಅಷ್ಟೇ ಭಕ್ತಿಯಿಂದ ಕಟ್ಟಿಕೊಂಡೆ.

ನೀಲಮ್ಮ ದಿನಾ ಬೆಳಿಗ್ಗೆ ಬಂದು ನಮ್ಮ ಪಡಸಾಲೆಯಲ್ಲಿ ಕೂತು ಬರೆಯುವಳು. ಮೊದಲ ದಿನ ಜೀವಶಾಸ್ತ್ರ. ಅರವತ್ತಕ್ಕೆ ಹದಿನಾಲ್ಕು. ಹುಡುಗಿಯ ಮುಖ ಬಾಡಿತು. "ಮೊದಲನೇ ದಿನ ಹಂಗೇ" ಎಂದೆ. ಎರಡನೆಯದು ಹದಿನೇಳು. ಮೂರನೆಯದು ಹದಿಮೂರು. ನಾನು ಒಂದೊಂದು ತಪ್ಪನ್ನೂ ಎತ್ತಿ ಹೇಳಲು ಶುರುಮಾಡಿದೆ. ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಈಗಲೂ ನಾಚಿಕೆ.

"ಆಲೂಗಡ್ಡಿ ಅಂದ್ರ ಏನು ಅಂತ ಕೇಳ್ಯಾರ. ನೀ ಕಾಂಡ ಅಂತ ಹಾಕೀದಿ. ಉತ್ತರ ಬೇರು ಅಂತದ."

"ಕಾಂಡ ಅಂತ ಪುಸ್ತಕದಾಗ ಅದರಿ ಸರ."

"ಭೂಮಿ ಒಳಗಿಂದ ಅಗದು ತೆಗೀತಾರ, ಕಾಂಡ ಹೆಂಗಾತು? ನೀನೇ ವಿಚಾರ ಮಾಡು."

ಅವಳು ವಿಚಾರ ಮಾಡಿ, ತಲೆಯಾಡಿಸಿ, ನೋಟ್‌ಬುಕ್ಕಿನಲ್ಲಿ 'ಬೇರು' ಎಂದು ಬರೆದುಕೊಂಡಳು. ಮರುದಿನ ಮನುಷ್ಯನ ಹೃದಯಕ್ಕೆ ಕೋಣೆಗಳೆಷ್ಟು ಎಂಬ ಪ್ರಶ್ನೆ ಬಂತು. ನಾಲ್ಕು ಅಂತ ಹಾಕಿದ್ದಳು. ಹಾಳೆಯ ಪ್ರಕಾರ ಮೂರು.

"ಮೂರು ಕಪ್ಪಿಗಿ ಇರ್ತಾವ್ರಿ ಸರ."

"ಹಂಗಾದ್ರ ಕಪ್ಪಿ ಬಗ್ಗೆನೇ ಕೇಳಿರಬೇಕು."

"ಮನುಷ್ಯಾ ಅಂತ ಬರದಾರಲ್ರಿ?"

"ಅಚ್ಚಿನ ತಪ್ಪಿರ್ತದವ್ವ. ಕೇಳಿದವರ ಮನಸಿನಾಗ ಏನದ ಅದನ್ನ ಹಿಡೀಬೇಕು." ಕಾವ್ಯ ಪಾಠ ಮಾಡುವಾಗ ಈ ಮಾತು ನನಗೆ ಬಹಳ ಉಪಯೋಗಕ್ಕೆ ಬಂದಿತ್ತು.

ಹೀಗೆ ಮೂರು ವಾರ ನಡೆಯಿತು. ಅವಳು ಎಷ್ಟು ಓದಿದರೂ ಅಂಕ ಹದಿನೈದರ ಆಚೆ ಈಚೆಯೇ. ನನಗೂ ತಲೆ ಕೆಟ್ಟಿತು. ಭೌತಶಾಸ್ತ್ರದಲ್ಲಿ ಬಿಸಿ ಚಹಾ ತಾನಾಗಿ ಇನ್ನಷ್ಟು ಬಿಸಿಯಾಗುತ್ತದೆ ಎಂಬರ್ಥದ ಉತ್ತರ ಬಂದ ದಿನ ನಾನು ಲೋಟ ಮುಂದಿಟ್ಟುಕೊಂಡು ಸ್ವಲ್ಪ ಹೊತ್ತು ಕಾದೂ ನೋಡಿದೆ. ಇಷ್ಟಾದರೂ ಹಾಳೆಯ ಮೇಲೆ ಸಂಶಯ ಬರಲಿಲ್ಲ. ಅಚ್ಚಾದದ್ದು ಅಲ್ಲವೇ! ಕೊನೆಗೆ ನೀಲಮ್ಮ ಒಂದು ದಿನ ನೋಟ್‌ಬುಕ್ ಮಡಚಿ, "ಸರ, ನಾ ಪರೀಕ್ಷಾಕ ಹೋಗಂಗಿಲ್ರಿ. ನನ್ನ ತಲಿಯಾಗ ಏನೂ ಇಲ್ಲ ಅಂತ ತಿಳೀತು. ಅಪ್ಪಗ ಟೈಪಿಂಗ್ ಕ್ಲಾಸಿಗಿ ಹಾಕು ಅಂದೇನಿ" ಎಂದು ಎದ್ದು ಹೋದಳು. ನಾನು ತಡೆಯಲಿಲ್ಲ. ಮನಸ್ಸಿನೊಳಗೆ, ಪಾಪ, ಬಿ.ಎ. ಕನ್ನಡಕ್ಕಾದರೂ ಬರಬಹುದಲ್ಲ ಅಂದುಕೊಂಡೆ.

ಅದೇ ಮಧ್ಯಾಹ್ನ ಬಿಸಿಗಾಳಿ ಎದ್ದು, ನಾನು ಟ್ರಂಕಿಗೆ ಹಾಕಲು ಮರೆತಿದ್ದ ಉತ್ತರದ ಹಾಳೆಗಳೂ ಸೇರಿ ಪಡಸಾಲೆಯಲ್ಲಿದ್ದ ಕಾಗದಗಳೆಲ್ಲ ಅಂಗಳಕ್ಕೆ ಹಾರಿದವು. ಒಣಹಾಕಿದ ಸಂಡಿಗೆಯ ಮೇಲೆಯೇ ಬಿದ್ದವು. ನನ್ನ ಹೆಂಡತಿ ಶಾಂತಾ ಸೊಲ್ಲಾಪುರದ ಕಡೆಯವಳು, ಮರಾಠಿ ಶಾಲೆಯಲ್ಲಿ ಏಳನೆಯ ತನಕ ಓದಿದವಳು. ಬೈದುಕೊಳ್ಳುತ್ತ ಒಂದೊಂದೇ ಕಾಗದ ಆರಿಸಿ, ಜೋಡಿಸಲು ಕೂತಳು. ಸ್ವಲ್ಪ ಹೊತ್ತಿಗೆ ಕೂಗಿದಳು.

"ಏನ್ರೀ, ಇವುಕ ಜೋಡಿ ಎಲ್ಲಿ ಅದಾವ?"

"ಪ್ರಶ್ನೆದ್ದಕ್ಕ ಉತ್ತರದ್ದು ಜೋಡಿ."

"ಪ್ರಶ್ನೆ ಕಾಗದದ ಮ್ಯಾಲ ಮೂಲಿಯಾಗ 'ಎ' ಅಂತದ. ಉತ್ತರದ ಮ್ಯಾಲ 'ಸಿ' ಅಂತದ. ಎಲ್ಲಾವೂ ಹಂಗೇ. ಒಂದು ಕಾಲಿನ ಚಪ್ಪಲಿ ಒಂದು ಅಳತಿ, ಇನ್ನೊಂದು ಒಂದು ಅಳತಿ ತಂದೀರೇನು?"

ನಾನು ಕಾಗದ ಕಸಿದುಕೊಂಡು ನೋಡಿದೆ. ಸಂಗತಿ ಆಮೇಲೆ ತಿಳಿಯಿತು. ಅಕ್ಕಪಕ್ಕದವರು ನಕಲು ಮಾಡಬಾರದೆಂದು ಅವೇ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಎ, ಬಿ, ಸಿ, ಡಿ ಎಂದು ನಾಲ್ಕು ಬಗೆಯಾಗಿ ಅಚ್ಚು ಹಾಕುತ್ತಾರಂತೆ. ಅಂಗಡಿಯವನು ಎ ಬಗೆಯ ಪ್ರಶ್ನೆಗೆ ಸಿ ಬಗೆಯ ಉತ್ತರ ಕಟ್ಟಿ ಕೊಟ್ಟಿದ್ದ. ನಾನು ಮೂರು ವಾರ ಆಲೂಗಡ್ಡೆಯ ಪ್ರಶ್ನೆಗೆ ಬೇರೆ ಯಾವುದೋ ಪ್ರಶ್ನೆಯ ಉತ್ತರ ಹಚ್ಚಿ, ಅದಕ್ಕೆ ಸಮರ್ಥನೆಯನ್ನೂ ಕೊಟ್ಟಿದ್ದೆ.

ಸಂಜೆಯ ಬಸ್ಸಿಗೇ ಗುಲ್ಬರ್ಗಾಕ್ಕೆ ಹೋಗಿ ಸರಿಯಾದ ಹಾಳೆ ತಂದು, ಮರುದಿನ ಎಲ್ಲವನ್ನೂ ಮತ್ತೆ ತಿದ್ದಿದೆ. ಮೊದಲ ದಿನದ ಹದಿನಾಲ್ಕು ನಿಜವಾಗಿ ಐವತ್ತು ಇತ್ತು. ಎರಡನೆಯದು ನಲವತ್ತೇಳು. ಆಮೇಲೆ ನಲವತ್ತೊಂದು, ಮೂವತ್ತನಾಲ್ಕು. ನನ್ನ ಪಾಠ ಕೇಳಿದ ಹಾಗೆಲ್ಲ ಹುಡುಗಿ ಇಳಿಯುತ್ತ ಬಂದಿದ್ದಳು. ಒಂದು ಕೆಟ್ಟ ಯೋಚನೆಯೂ ಬಂತು. ಏನೂ ಹೇಳದೆ ಮತ್ತೆ ಕರೆಸಿ, ಒಮ್ಮೆಲೇ ಐವತ್ತು ಕೊಟ್ಟು, 'ನೋಡು, ಹೆಂಗ ಸುಧಾರಿಸಿದಿ' ಅಂದರೆ ಹೇಗೆ? ಶಾಂತಾ ನನ್ನ ಮುಖ ನೋಡಿಯೇ, "ಚಪ್ಪಲಿ ಹಾಕ್ಕೋರಿ, ಹೋಗಿ ಹೇಳಿ ಬರ್ರಿ" ಎಂದಳು.

ಪಂಕ್ಚರ್ ಅಂಗಡಿಯಲ್ಲಿ, ಟಾಯರುಗಳ ನಡುವೆ ನಿಂತು ಹೇಳಿದೆ. ನೀಲಮ್ಮ ನನ್ನ ಕಡೆ ತಿರುಗಿದಳು. ಬಯ್ಯುತ್ತಾಳೆ ಅಂದುಕೊಂಡೆ. ಅವಳು ಸಣ್ಣ ದನಿಯಲ್ಲಿ ಕೇಳಿದಳು: "ಹಂಗಾದ್ರ ಆಲೂಗಡ್ಡಿ ಕಾಂಡಾನೇ ಏನ್ರಿ ಸರ?"

"ಹೌದವ್ವ. ಕಾಂಡಾನೇ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಶಿವಶರಣಪ್ಪ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ್ದ ಟ್ಯೂಬನ್ನು ಎತ್ತಿ ಪಕ್ಕಕ್ಕಿಟ್ಟು, "ಟ್ಯೂಬು ಛಲೋನೇ ಇತ್ತು ಸರ. ನಾವು ಪಂಪು ನೋಡಲಿಲ್ಲ" ಎಂದ. ಅದಕ್ಕಿಂತ ಹೆಚ್ಚಿನ ಬೈಗುಳ ನನಗೆ ಯಾರೂ ಬೈದಿಲ್ಲ.

ಪರೀಕ್ಷೆಗೆ ಎಂಟು ದಿನ ಉಳಿದಿತ್ತು. ನೀಲಮ್ಮ ನಾನು ಬರೆಸಿದ ನೋಟ್ಸನ್ನೆಲ್ಲ ಹರಿದು ಹಾಕಿ, ಒಬ್ಬಳೇ ಕೂತು, ಕಲಿತದ್ದನ್ನು ಮರೆತಳು, ಮರೆತದ್ದನ್ನು ಕಲಿತಳು. ನನಗೆ ಶಾಂತಾ ವಹಿಸಿದ ಕೆಲಸ ಮಜ್ಜಿಗೆ ಕೊಟ್ಟುಬರುವುದು, ಅದೂ ಬಾಯಿ ತೆರೆಯದೆ. ಪರೀಕ್ಷೆಯ ದಿನ ಗುಲ್ಬರ್ಗಾದಲ್ಲಿ ನಾನು ಗೇಟಿನ ಹೊರಗೆ ಬೇವಿನ ಮರದಡಿ ನಿಂತಿದ್ದೆ. ಒಬ್ಬ ಅಪರಿಚಿತ ತಂದೆ ಬಂದು, "ನೀವು ಮಾಸ್ತರೇನ್ರಿ? ಈ ಸಿಇಟಿದೇನು ಲೆಕ್ಕಾಚಾರ?" ಎಂದು ಕೇಳಿದ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, "ಗೊತ್ತಿಲ್ರಿ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಅವಳಿಗೆ ಎಂಬಿಬಿಎಸ್ ಸೀಟು ಸ್ವಲ್ಪದರಲ್ಲಿ ತಪ್ಪಿತು, ದಂತವೈದ್ಯಕೀಯ ಸೀಟು ಸಿಕ್ಕಿತು. ಆ 'ಸ್ವಲ್ಪ' ಎಂಬುದರಲ್ಲಿ ನನ್ನ ಪಾಲು ಎಷ್ಟು ಎಂದು ನಾನು ಅನೇಕ ಸಲ ಕೂತು ಯೋಚಿಸಿದ್ದೇನೆ. ಅವಳು ಒಮ್ಮೆಯೂ ಕೇಳಲಿಲ್ಲ. ಈಗ ಗುಲ್ಬರ್ಗಾದಲ್ಲಿ ಅವಳದೇ ದವಾಖಾನೆ ಇದೆ. ಕಳೆದ ತಿಂಗಳು ಹಲ್ಲುನೋವು ತಡೆಯಲಾರದೆ ಹೋಗಿ ಅವಳ ಕುರ್ಚಿಯಲ್ಲಿ ಒರಗಿದೆ.

"ಯಾವ ಹಲ್ಲು ನೂಸ್ತದರಿ ಸರ?"

ನಾನು ಬೆರಳಿಟ್ಟು ಖಚಿತವಾಗಿ ತೋರಿಸಿದೆ. ಅವಳು ಸಣ್ಣ ಕನ್ನಡಿ ಹಿಡಿದು ನೋಡಿ, ಮೆಲ್ಲಗೆ ತಟ್ಟಿ, "ಇದಲ್ರಿ. ಇದರ ಹಿಂದಿಂದು" ಎಂದಳು.

"ನನ್ನ ಹಲ್ಲು, ನನಗ ಗೊತ್ತಿರಂಗಿಲ್ಲೇನವ್ವ?"

"ಬಾಯಿ ಅಗಲ ತೆಗೀರಿ ಸರ."

ತೆಗೆದೆ. ಬಾಯಿ ಅಷ್ಟು ಅಗಲ ತೆರೆದ ಮೇಲೆ ಮನುಷ್ಯ ಏನನ್ನೂ ವಿವರಿಸಲಾರ. ಅವಳು ಕಿತ್ತ ಹಲ್ಲು ಬೇರಿನ ತನಕ ಹುಳುಕಾಗಿತ್ತು. ನಾನು ತೋರಿಸಿದ್ದು ಗಟ್ಟಿಯಾಗಿ ನಿಂತಿದೆ, ಈಗ ಕಡಕ್ ರೊಟ್ಟಿಯನ್ನು ಅದರಿಂದಲೇ ಕಡಿಯುತ್ತೇನೆ.