ನಾನು ಕುಡಿಯದ ನೀರಿನ ರುಚಿಯನ್ನು ಬಣ್ಣಿಸಿದ ಸಂಪಾದಕರಿಗೆ

ಮಾನ್ಯ ಸಂಪಾದಕರೇ,

ತಮಗೂ, ತಮ್ಮ ಉಪಸಂಪಾದಕರಿಗೂ, ತಮ್ಮ ಮುಖಪುಟವನ್ನು ಇಡಿಯಾಗಿ ಹಿಡಿದುಕೊಂಡಿರುವ ಜಾಹೀರಾತುದಾರರಿಗೂ, ಅವರು ದಯಮಾಡಿ ಬಿಟ್ಟುಕೊಟ್ಟ ಮೂಲೆಯಲ್ಲಿ ಮುದುರಿಕೊಂಡು ಕೂತಿರುವ ಸುದ್ದಿಗಳಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವೆಲ್ಲ ಕ್ಷೇಮವೆಂದು ತಮ್ಮ ಪತ್ರಿಕೆಯಿಂದಲೇ ತಿಳಿದುಕೊಂಡಿದ್ದೇನೆ. ಅದರಲ್ಲಿ ಎಲ್ಲರೂ ಸದಾ ಕ್ಷೇಮವಾಗಿಯೇ ಇರುತ್ತಾರೆ.

ಮೊದಲು ನನ್ನ ಪರಿಚಯ. ನಾನು ಕನ್ನಡಕದ ಅಂಗಡಿಯವಳು. ಅಂಗಡಿ ಅಪ್ಪ ಶುರುಮಾಡಿದ್ದು, ಈಗ ನಾನು ನಡೆಸುತ್ತಿದ್ದೇನೆ, ಮೇಲಿನ ಎರಡು ಕೋಣೆಗಳಲ್ಲಿ ನಾವಿಬ್ಬರೂ ಇದ್ದೇವೆ. ಓದುವ ಕನ್ನಡಕ ಬೇಕೆಂದು ಬಂದವರ ಕೈಗೆ ಅಕ್ಷರದ ಹಲಗೆಯ ಬದಲು ತಮ್ಮ ಪತ್ರಿಕೆಯನ್ನೇ ಕೊಟ್ಟು ಓದಿಸುವುದು ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಶೀರ್ಷಿಕೆ ಮಾತ್ರ ಕಂಡರೆ ಒಂದು ನಂಬರು, ಸುದ್ದಿಯೂ ಕಂಡರೆ ಇನ್ನೊಂದು, ಒಳಪುಟದ ತಳದಲ್ಲಿ ತಾವು ಹಾಕುವ ‘ತಿದ್ದುಪಡಿ’ಯೂ ಕಂಡುಬಿಟ್ಟರೆ ಆ ಕಣ್ಣಿಗೆ ಕನ್ನಡಕವೇ ಬೇಡ ಎಂದು ಹೇಳಿ ಕಳುಹಿಸಿಬಿಡುತ್ತಿದ್ದೆವು. ಅಕ್ಷರ ಕಂಡರೆ ಸಾಕಿತ್ತು, ಅದರಲ್ಲಿ ಬರೆದದ್ದು ನಿಜವೋ ಎಂದು ಯಾರೂ ಕೇಳುತ್ತಿರಲಿಲ್ಲ.

ಹೀಗಿರುವಾಗ, ನಮ್ಮ ಬೀದಿಯ ಕೊನೆಯಲ್ಲಿ ಒಂದು ಕಂಪನಿಯವರು ಕುಡಿಯುವ ನೀರಿನ ಘಟಕ ಕಟ್ಟಿಸಿದರು. ತಮ್ಮ ಮುಖಪುಟದಲ್ಲಿ ನಗುನಗುತ್ತಾ ನೀರು ಮೊಗೆಯುವ ತಾಯಿ ಮಗುವಿನ ಚಿತ್ರ ವಾರವಾರವೂ ಬರುತ್ತದಲ್ಲ, ಅದೇ ಕಂಪನಿ. ಉದ್ಘಾಟನೆಯ ದಿನ ಬೆಳಿಗ್ಗೆ ತಮ್ಮ ಛಾಯಾಗ್ರಾಹಕರು ಅಂಗಡಿಗೆ ಬಂದು, ಬೆಳಕು ಹೇಗೆ ಬೀಳುತ್ತದೋ ನೋಡಬೇಕು, ಒಂದು ಗಳಿಗೆ ನಲ್ಲಿಯ ಪಕ್ಕ ನಿಲ್ಲಿ ಎಂದು ಕರೆದರು. ಖಾಲಿ ಸ್ಟೀಲ್ ಲೋಟ ಕೈಗಿತ್ತು, ಸ್ವಲ್ಪ ನಗಿ ಎಂದರು. ಗಿರಾಕಿ ಕಾಯುತ್ತಿದ್ದರೆಂದು ಬೇಗ ನಕ್ಕು ಬಂದೆ.

ಸಂಜೆಯ ಸಮಾರಂಭ ನಡೆಯಲಿಲ್ಲ. ಅತಿಥಿಗಳು ಬರುವ ಮುನ್ನ ಒಮ್ಮೆ ತಿರುಗಿಸಿ ನೋಡಿದಾಗ ನಲ್ಲಿಯಿಂದ ಕಂದು ಬಣ್ಣದ ನೀರು ಬಂತಂತೆ. ಕುರ್ಚಿಗಳನ್ನು ಬಂದ ಲಾರಿಯಲ್ಲೇ ವಾಪಸು ಒಯ್ದರು, ಬಾಗಿಲಿಗೆ ಬೀಗ ಬಿತ್ತು. ಆದರೆ ತಮ್ಮ ಪತ್ರಿಕೆಯ ಕಾರ್ಯದಕ್ಷತೆಯನ್ನು ನಾನು ಎಷ್ಟು ಹೊಗಳಿದರೂ ಸಾಲದು. ಸಂಜೆಯ ಸಮಾರಂಭದ ವರದಿಯನ್ನು ಕಂಪನಿಯವರು ಕಳಿಸಿದ ಒಕ್ಕಣೆ ನೋಡಿ ಮಧ್ಯಾಹ್ನವೇ ಬರೆದು ಮುಗಿಸುವ ತಮ್ಮ ಪದ್ಧತಿಯಿಂದಾಗಿ, ಬೀದಿಯಲ್ಲಿ ನಡೆಯದ ಉದ್ಘಾಟನೆ ಮರುದಿನ ಪತ್ರಿಕೆಯಲ್ಲಿ ಕಿಕ್ಕಿರಿದ ಜನರ ಚಪ್ಪಾಳೆಯ ನಡುವೆ ಸಾಂಗವಾಗಿ ನೆರವೇರಿತ್ತು. ಪಕ್ಕದಲ್ಲಿ ನನ್ನ ಚಿತ್ರ, ಕೆಳಗೆ ನನ್ನ ಮಾತು: “ಇಷ್ಟು ಸಿಹಿಯಾದ ನೀರನ್ನು ನಾನು ಜೀವಮಾನದಲ್ಲೇ ಕುಡಿದಿರಲಿಲ್ಲ. ಕಣ್ಣು ತುಂಬಿ ಬಂತು.” ಅದನ್ನು ಓದಿದಾಗ ನಿಜವಾಗಿಯೂ ಕಣ್ಣು ತುಂಬಿ ಬಂತು, ಆ ಮಟ್ಟಿಗೆ ತಮ್ಮ ವರದಿ ನಿಖರವಾಗಿದೆ.

ಪತ್ರಿಕೆಯಲ್ಲಿ ಉದ್ಘಾಟನೆ ಆಗಿಯೇಹೋಯಿತಲ್ಲ ಎಂದು ಕಂಪನಿಯವರೂ ಧೈರ್ಯ ಮಾಡಿ, ಅಂದು ಬೆಳಗಾಗುತ್ತಲೇ ನಲ್ಲಿ ತೆರೆದುಬಿಟ್ಟರು. ಅಷ್ಟುಹೊತ್ತಿಗೆ ನೀರಿನ ಬಣ್ಣ ಕಣ್ಣಿಗೆ ಕಾಣದಷ್ಟು ತಿಳಿಯಾಗಿತ್ತು. ನಮ್ಮ ಅಂಗಡಿಯ ಗೋಡೆಗೆ ಗೋಡೆ ತಾಗಿರುವ ಹೊಲಿಗೆಯವಳು, ನಾನು ಅಕ್ಕ ಎಂದು ಕರೆಯುವವಳು, ಹಿಂದಿನ ದಿನ ಪೂರ್ತಿ ಊರಲ್ಲಿರಲಿಲ್ಲ. ಅವಳು ತಮ್ಮ ಪತ್ರಿಕೆಯಲ್ಲಿ ನನ್ನ ಮುಖ ನೋಡಿ, ನನ್ನ ಮಾತು ಓದಿ, ನಾನು ಅಂಗಡಿಯ ಬಾಗಿಲು ತೆರೆಯುವುದರೊಳಗೆ ಕೊಡ ತುಂಬಿಕೊಂಡು ಹೋಗಿ ಮಗಳಿಗೆ ಕುಡಿಸಿದಳು. ಮಗು ವಾಂತಿ ಭೇದಿಯಿಂದ ನಿತ್ರಾಣವಾಗಿ, ಕೈಗೆ ಸೂಜಿ ಚುಚ್ಚಿಸಿಕೊಂಡು ಗ್ಲೂಕೋಸ್ ಹಾಕಿಸಿಕೊಳ್ಳುತ್ತಾ ಮಲಗಿತು. ನೋಡಲು ಹೋದ ನನಗೆ ಅಕ್ಕ ಕೇಳಿದ್ದು ಒಂದೇ ಮಾತು: “ಏನು ಕೊಟ್ರೇ ನಿನಗೆ, ಹಂಗೆ ಹೇಳೋಕೆ?”

ನಾನು ಹೇಳಿಲ್ಲ ಎಂದರೆ ಅವಳು ನಂಬಲಿಲ್ಲ. ಅವಳಿರಲಿ, ಹೆತ್ತ ಅಪ್ಪನೇ ನಂಬಲಿಲ್ಲ. ಪತ್ರಿಕೆಯ ಹೆಸರಿನಿಂದ ಹಿಡಿದು ಮುದ್ರಕರ ವಿಳಾಸದವರೆಗೆ ದಿನವೂ ಓದುವ ಅವರು ಕನ್ನಡಕ ಹಣೆಗೇರಿಸಿ, ನನಗೇ ಸಮಾಧಾನ ಹೇಳಿದರು. “ಪೇಪರಲ್ಲೇ ಬಂದಿದೆಯಲ್ಲಮ್ಮ. ಹೇಳಿರ್ತೀಯ, ಮರ್ತಿರ್ತೀಯ.” ಸ್ವಾಮೀ, ಇಂಥ ನಂಬಿಕೆ ತಮ್ಮ ಮೇಲಿತ್ತು. ನನಗೆ ಸಿಟ್ಟು ಬಂದದ್ದು ನೀರಿಗಿಂತ ಹೆಚ್ಚಾಗಿ ಅದಕ್ಕೆ.

ಒಂದು ಸಾಲು ಹಾಕಿ, ಈಕೆ ಹೀಗೆ ಹೇಳಿಲ್ಲ ಎಂದಷ್ಟೇ, ಹೊಲಿಗೆಯ ಅಕ್ಕನಿಗೆ ತೋರಿಸುತ್ತೇನೆ ಎಂದು ಬೇಡಿಕೊಳ್ಳಲು ತಮ್ಮ ಕಚೇರಿಗೆ ಬಂದೆ. ತಣ್ಣನೆಯ ಗಾಜಿನ ಕೋಣೆಯಲ್ಲಿ ತಮ್ಮ ಉಪಸಂಪಾದಕರು ಬಹಳ ವಿನಯದಿಂದ, “ಮೇಡಂ, ಒಳ್ಳೇದನ್ನೇ ಹೇಳಿದೀರಿ ಅಂತ ಬರೆದಿದೀವಲ್ಲ, ಅದಕ್ಯಾಕೆ ಬೇಜಾರು? ಕೆಟ್ಟದ್ದು ಹೇಳಿದೀರಿ ಅಂತ ಬರೆದಿದ್ರೆ ತಿದ್ದಬಹುದಿತ್ತು” ಎಂದು ವಿವರಿಸಿದರು. ಆದರೂ ನಾನು ಬಿಡದೆ ಮತ್ತೆ ಮತ್ತೆ ಹೋದುದರ ಫಲವಾಗಿ, ಕಡೆಗೊಂದು ದಿನ ತಿದ್ದುಪಡಿ ಬಂದೇಬಿಟ್ಟಿತು. ಚಿತ್ರದ ವಿವರಣೆಯಲ್ಲಿ ‘ಗಾಜಿನ ಲೋಟ’ ಎಂದಿರುವುದನ್ನು ‘ಸ್ಟೀಲ್ ಲೋಟ’ ಎಂದು ಓದಿಕೊಳ್ಳಬೇಕಂತೆ, ಪ್ರಮಾದಕ್ಕೆ ವಿಷಾದವಂತೆ. ಸತ್ಯದ ವಿಷಯದಲ್ಲಿ ತಾವೆಷ್ಟು ಕಟ್ಟುನಿಟ್ಟು ಎಂಬುದನ್ನು ಭೂತಗನ್ನಡಿ ಹಿಡಿದು ಓದಿ ತಿಳಿದುಕೊಂಡೆ.

ಈಗ ನಮ್ಮ ಬೀದಿಯವರೆಲ್ಲ ಹೆಲ್ಮೆಟ್ ಅಕ್ಕ ಎಂದು ಕರೆಯುವವಳ ವಿಷಯಕ್ಕೆ ಬರುತ್ತೇನೆ. ತಮ್ಮಲ್ಲೇ ವರದಿಗಾರ್ತಿಯಾಗಿದ್ದು, ಹೆಚ್ಚು ಪ್ರಶ್ನೆ ಕೇಳುತ್ತಾಳೆಂದು ತಾವು ಮನೆಗೆ ಕಳಿಸಿದವಳು. ಈಗ ಸ್ಕೂಟರಿನಲ್ಲಿ ಓಡಾಡುತ್ತಾ ಫೋನಿನಲ್ಲೇ ಸುದ್ದಿ ಮಾಡುತ್ತಾಳೆ, ಎಷ್ಟೋ ಸಲ ಹೆಲ್ಮೆಟ್ ತೆಗೆಯುವುದನ್ನೂ ಮರೆತು ಮಾತಿಗೆ ನಿಂತುಬಿಡುತ್ತಾಳೆ. ಹಾಗೆಂದು ಫೋನಿನಲ್ಲಿ ಬರುವುದೆಲ್ಲ ಚಿನ್ನವೆಂದು ನಾನೇನೂ ಹೇಳುವುದಿಲ್ಲ. ನಮ್ಮ ಬೀದಿಯ ಅರ್ಧ ಜನ ನೋಡುವ ಇನ್ನೊಬ್ಬ ಮಹಾಶಯ, ಆ ನೀರು ಕುಡಿದು ಊರಿಗೆ ಊರೇ ಸತ್ತಿತೆಂದು ಗಂಟಲು ಹರಿಯುವಂತೆ ಕಿರುಚಿದ. ಸತ್ತವರೆಲ್ಲ ನನ್ನ ಅಂಗಡಿಯ ಮುಂದೆ ನಿಂತು ಅದನ್ನು ನೋಡಿದರು.

ಇವಳು ಹಾಗೆ ಕಿರುಚಲಿಲ್ಲ. ನಲ್ಲಿಯ ನೀರನ್ನು ಬಾಟಲಿಯಲ್ಲಿ ಹಿಡಿದು ಪ್ರಯೋಗಾಲಯಕ್ಕೆ ಕೊಟ್ಟಳು. ಕಂಪನಿಯವರನ್ನು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಓದಿದಳು. ಉದ್ಘಾಟನೆಯ ಸಂಜೆ ಬೀಗ ಹಾಕಿದ ಬಾಗಿಲನ್ನು ಎದುರು ಮನೆಯವರು ತೆಗೆದಿಟ್ಟಿದ್ದ ವಿಡಿಯೊ ಹುಡುಕಿ ತೋರಿಸಿದಳು. ನನ್ನನ್ನು ಕೂರಿಸಿಕೊಂಡು, “ನೀವು ಹೇಳಿದ್ರಾ, ಇಲ್ವಾ?” ಎಂದು ಕೇಳಿದಳು. ನೋಡಿ, ಇಷ್ಟು ದಿನವಾದರೂ ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ವಿಡಿಯೊ ನಡುನಡುವೆ ಅಲುಗಾಡುತ್ತದೆ, ಹಿಂದೆ ಅವಳ ಮನೆಯ ಕುಕ್ಕರ್ ಕೂಗುತ್ತದೆ, ತಮ್ಮ ಬಣ್ಣದ ಮುದ್ರಣದ ಅಂದ ಅದಕ್ಕಿಲ್ಲ.

ಆದರೆ ನಮ್ಮ ಬೀದಿ ಅವಳ ಕಡೆ ತಿರುಗಿದ್ದು ಇಷ್ಟೆಲ್ಲ ವಿಚಾರಿಸಿದಳೆಂದೂ ಅಲ್ಲ. ಮಗು ಇನ್ನೂ ಆಸ್ಪತ್ರೆಯಲ್ಲಿದೆ ಎಂದು ಅವಳು ಹೇಳಿಬಿಟ್ಟಿದ್ದಳು, ಮಗು ಅದಾಗಲೇ ಮನೆಗೆ ಬಂದಿತ್ತು. ಮರುದಿನ ಬೇರೇನನ್ನೂ ಹೇಳುವ ಮೊದಲು, ಮುಖ ಸಪ್ಪಗೆ ಮಾಡಿಕೊಂಡು, “ನಿನ್ನೆ ನಾನು ತಪ್ಪು ಹೇಳಿದೆ” ಎಂದು ಶುರುಮಾಡಿದಳು. ಅಪ್ಪ ಫೋನನ್ನು ಕೈಗೆ ತೆಗೆದುಕೊಂಡು ಅದೊಂದು ಮಾತನ್ನು ಎರಡು ಸಲ ಹಾಕಿಸಿಕೊಂಡು ಕೇಳಿದರು. ಆಮೇಲೆ ನನ್ನ ಮುಖ ನೋಡಿ, “ಹಾಗಾದ್ರೆ ನೀನು ಹೇಳಿರ್ಲಿಲ್ವೇನಮ್ಮ?” ಎಂದರು. ಇಲ್ಲ ಎಂದೆ, ಅವರು ಅಂದಿನ ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು.

ಮಾನ್ಯರೇ, ತಾವು ಓದುಗರು ಕಡಿಮೆಯಾಗುತ್ತಿರುವುದಕ್ಕೆ ಫೋನು, ಯುವಜನರ ಸೋಮಾರಿತನ, ಕಾಗದದ ಬೆಲೆ ಎಂದೆಲ್ಲ ಸಂಪಾದಕೀಯದಲ್ಲಿ ಮರುಗಿದ್ದೀರಿ. ಮರುಗಬೇಡಿ. ಆಗದೆ ಇರುವುದನ್ನು ಮುಂಚಿತವಾಗಿಯೇ ಬರೆದು ಆಗಿಸಿಬಿಡುವ ವಿದ್ಯೆ ತಮ್ಮ ಕೈಯಲ್ಲಿರುವಾಗ ಚಿಂತೆ ಏತಕ್ಕೆ? ಓದುಗರು ದುಪ್ಪಟ್ಟಾದರೆಂದು ಬರೆದುಕೊಂಡುಬಿಡಿ. ಹಾಗೆಯೇ ಬಿಡುವಿದ್ದರೆ ಅಪ್ಪನ ಮೊಣಕಾಲ ನೋವು ವಾಸಿಯಾಯಿತೆಂದು ಒಳಪುಟದಲ್ಲಿ, ನಮ್ಮ ಮೆಟ್ಟಿಲಿನ ಮೇಲಿನ ದೀಪ ಉರಿಯುತ್ತಿದೆಯೆಂದು ಸ್ಥಳೀಯ ಸುದ್ದಿಯಲ್ಲಿ, ಆ ಮಗು ಆ ನೀರನ್ನು ಕುಡಿಯಲೇ ಇಲ್ಲವೆಂದು, ಇದನ್ನು ಮಾತ್ರ ದಯವಿಟ್ಟು, ಮುಖಪುಟದಲ್ಲಿ ಪ್ರಕಟಿಸಬೇಕಾಗಿ ಪ್ರಾರ್ಥನೆ. ಜಾಗ ಇಲ್ಲದಿದ್ದರೆ ಜಾಹೀರಾತಿನ ತಾಯಿ ಸ್ವಲ್ಪ ಪಕ್ಕಕ್ಕೆ ಸರಿಯಲಿ.

ಕೊನೆಯದಾಗಿ, ಹೊಲಿಗೆಯ ಅಕ್ಕ ಮೊನ್ನೆ ಅಂಗಡಿಗೆ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಬಾಗಿಲಲ್ಲೇ ನಿಂತು, ನನ್ನ ಕಡೆ ನೋಡದೆ, “ನಡುವೆ ಒಂದು ಗೋಡೆ ಅಷ್ಟೇ ಇತ್ತು ಕಣೇ. ಕೂಗಿ ನಿನ್ನನ್ನೇ ಒಂದು ಮಾತು ಕೇಳಬಹುದಿತ್ತು, ಪೇಪರ್ ಓದ್ಕೊಂಡು ಹೋದೆ” ಎಂದು ಅತ್ತಳು. ನಾನೂ ಅತ್ತೆ. ಈ ಸುದ್ದಿಗೆ ತಮ್ಮ ಛಾಯಾಗ್ರಾಹಕರು ಬೇಕಾಗಲಿಲ್ಲ.

ಇಂತು, ಒಂದು ಕಾಲಕ್ಕೆ
ತಮ್ಮ ವಿಶ್ವಾಸಿಯಾಗಿದ್ದ,
ಕನ್ನಡಕದ ಅಂಗಡಿಯವಳು

ಮರೆತ ಮಾತು: ಪತ್ರಿಕೆ ಹಾಕುವವರಿಗೆ ನಾಳೆಯಿಂದ ಬೇಡವೆಂದು ಅಪ್ಪನೇ ಹೇಳಿದರು. ಸಂಜೆಯೊಳಗೆ ತಮ್ಮ ಪ್ರಸಾರ ವಿಭಾಗದಿಂದ ಫೋನು ಬಂತು. ಒಂದು ವರ್ಷದ ಚಂದಾ ಕಟ್ಟಿದರೆ ಅದೇ ಕಂಪನಿಯ ನೀರು ಶುದ್ಧ ಮಾಡುವ ಫಿಲ್ಟರ್ ಉಚಿತವಂತೆ. ಅಪ್ಪ ನನ್ನ ಕೈಯಿಂದ ಫೋನು ತೆಗೆದುಕೊಂಡು, ತಮ್ಮ ಸಿಬ್ಬಂದಿಗೆ ಕೊಟ್ಟ ಉತ್ತರವನ್ನು ಒಂದಕ್ಷರವೂ ಬದಲಿಸದೆ ಇಲ್ಲಿ ಬರೆದಿದ್ದೇನೆ: “ಅದನ್ನ ನಿಮ್ಮ ಆಫೀಸಲ್ಲೇ ಇಟ್ಕೊಳ್ರಪ್ಪಾ. ಅಚ್ಚಿಗೆ ಹೋಗೋಕೆ ಮುಂಚೆ ಸುದ್ದಿನ ಅದರಲ್ಲಿ ಒಂದ್ಸಲ ಹುಯ್ದು ನೋಡಿ.”